ಕೊನೆಯ ಗೋಪುರದಲ್ಲಿ ಸೋತು ಬಿಟ್ಟ ಆಟವನ್ನು ಮತ್ತೆ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: 2008ರಲ್ಲಿ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾಗ ನಿಂಟೆಂಡೊ ಡಿಎಸ್ ಲೈಟ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ಕೊಂಡು ‘ಫೈನಲ್ ಫ್ಯಾಂಟಸಿ 3’ ಎಂಬ ಸಾಹಸದ ಆಟ ಆಡಿದ್ದೆ. ಆ ಚಳಿಗಾಲದ ಎರಡು ತಿಂಗಳು ರಾತ್ರಿಗಳೆಲ್ಲ ಅದರಲ್ಲೇ ಕಳೆದವು. ಬಹುತೇಕ ಒಂದೇ ತಂಡ ಕಟ್ಟಿಕೊಂಡು ಹೋದೆ. ತಂಡದ ನಾಲ್ವರಲ್ಲಿ ಗಾಯ ಮಾಗಿಸುವ ಕೆಲಸ ರೆಫಿಯಾ ಎಂಬ ಹುಡುಗಿ ಒಬ್ಬಳದೇ. ಅವರ ಬಲ 45ನೇ ಲೆವೆಲ್‌ಗೆ ಏರಿದಾಗ ಕ್ರಿಸ್ಟಲ್ ಟವರ್ ಎಂಬ ಕೊನೆಯ ಗೋಪುರ ಹತ್ತಿ, ಕತ್ತಲ ಲೋಕ ದಾಟಿ, ಎರಡು ಗಂಟೆಗೂ ಹೆಚ್ಚು ಆಡಿದ ಮೇಲೆ ಕೊನೆಯ ಶತ್ರು ಎರಡೇ ಏಟಿಗೆ ನಾಲ್ವರನ್ನೂ ಮುಗಿಸಿಬಿಟ್ಟಿತು. ನಡುವೆ ಎಲ್ಲಿಯೂ ಸೇವ್ ಮಾಡುವ ಜಾಗವಿಲ್ಲ. ಅಂದು ಮುಚ್ಚಿಟ್ಟವನು ಮತ್ತೆ ತೆರೆಯಲಿಲ್ಲ. ಈಗ ಶಿವಮೊಗ್ಗದಲ್ಲಿದ್ದೇನೆ. ಅಟ್ಟ ಶುಚಿ ಮಾಡುವಾಗ 11 ವರ್ಷದ ಮಗಳ ಕೈಗೆ ಅದು ಸಿಕ್ಕಿತು. ಬೆನ್ನು ಉಬ್ಬಿದೆ, ಆನ್ ಆಗುತ್ತಿಲ್ಲ. ಅವಳಿಗೆ ಆಡುವಾಸೆ, ನನಗೂ. ಒಬ್ಬ ಗೆಳೆಯ ‘ಹಳೆಯ ಆಟಗಳ ಆ ರಿಮೇಕ್‌ಗಳೆಲ್ಲ ಸುಲಭ ಮಾಡಿ ಕೆಡಿಸಿದವು, ಆಡುವುದಾದರೆ ಮೂಲವನ್ನೇ ಆಡು’ ಎನ್ನುತ್ತಾನೆ. ಇನ್ನೊಬ್ಬ ‘ಅದು ಲೆವೆಲ್ ಏರಿಸುವ ಕೂಲಿ ಕೆಲಸ, ಈಗ ಕುಳಿತರೆ ಅರ್ಧ ಗಂಟೆಗೆ ಬೇಸರ ಬರುತ್ತದೆ’ ಎನ್ನುತ್ತಾನೆ. ಆಗಿನ ಖುಷಿ ನಿಜವಾದದ್ದೇ ಅಥವಾ ವಯಸ್ಸಿನ ಮಹಿಮೆಯೇ? ಹಳೆಯ ಸೇವ್ ಉಳಿದಿರುತ್ತದೆಯೇ? ನನಗೆ ದಿನಕ್ಕೆ ಸಿಗುವುದು ಮುಕ್ಕಾಲು ಗಂಟೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಬೇರೆಲ್ಲಕ್ಕೂ ಮೊದಲು ಆ ಉಬ್ಬಿದ ಬೆನ್ನಿನ ಮಾತು. ದಯವಿಟ್ಟು ಅದಕ್ಕೆ ಚಾರ್ಜರ್ ಹಾಕಬೇಡಿ, ಮಗಳ ಕೈಗೂ ಕೊಡಬೇಡಿ. ಒಳಗಿರುವುದು 1000 ಎಂಎಎಚ್‌ನ ಲಿಥಿಯಂ ಅಯಾನ್ ಬ್ಯಾಟರಿ. ವರ್ಷಗಟ್ಟಲೆ ಖಾಲಿ ಬಿದ್ದು, ಒಳಗೆ ಅನಿಲ ತುಂಬಿ ಉಬ್ಬಿದೆ. ಡಿಎಸ್ ಲೈಟ್‌ನ ಹಿಂಬದಿಯಲ್ಲಿ ಒಂದೇ ಸ್ಕ್ರೂ ಇರುವ ಪುಟ್ಟ ಮುಚ್ಚಳವಿದೆ. ಅದನ್ನು ಬಿಚ್ಚಿದರೆ ಬ್ಯಾಟರಿ ಸಿಗುತ್ತದೆ. ಬಿಗಿಯಾಗಿ ಕೂತಿದ್ದರೆ ಚಾಕುವಿನಿಂದಲೋ ಸ್ಕ್ರೂಡ್ರೈವರ್‌ನಿಂದಲೋ ಮೀಟಬೇಡಿ, ತೂತಾದರೆ ಬೆಂಕಿ ಹತ್ತಬಹುದು. ಮೊಬೈಲ್ ರಿಪೇರಿ ಮಾಡುವವರಿಗೆ ಉಬ್ಬಿದ ಬ್ಯಾಟರಿ ತೆಗೆಯುವುದು ದಿನನಿತ್ಯದ ಕೆಲಸ. ಅವರಿಂದ ತೆಗೆಸಿ ಇ-ತ್ಯಾಜ್ಯಕ್ಕೆ ಕೊಡಿ. ಹೊಸ ಬ್ಯಾಟರಿ ಹಾಕಿದರೆ ಯಂತ್ರ ಏಳುವ ಸಾಧ್ಯತೆ ಚೆನ್ನಾಗಿದೆ.

ಇನ್ನು ಸೇವ್. ಬ್ಯಾಟರಿ ಸತ್ತರೆ ಆಡಿದ್ದೆಲ್ಲ ಅಳಿಸಿಹೋಗುತ್ತದೆ ಎಂಬ ನಂಬಿಕೆ ನಿಂಟೆಂಡೊದ ಹಳೆಯ ಗೇಮ್ ಬಾಯ್ ಯಂತ್ರದ ಕಾಲದಿಂದ ಬಂದದ್ದು. ಆ ಕಾಲದಲ್ಲಿ ಆಟ ತುಂಬಿದ ಅನೇಕ ಕಾರ್ಟ್ರಿಜ್‌ಗಳ ಒಳಗೇ ಗುಂಡಿಯಂಥ ಚಿಕ್ಕ ಸೆಲ್ ಇರುತ್ತಿತ್ತು. ಅದು ಒಣಗಿದ ದಿನ ಸೇವ್ ಕೂಡ ಹೋಗುತ್ತಿತ್ತು. ಡಿಎಸ್ ಕಾರ್ಟ್ರಿಜ್‌ಗಳಲ್ಲಿ ಹಾಗಿಲ್ಲ. ವಿದ್ಯುತ್ ಇಲ್ಲದೆಯೂ ಬರಹ ಉಳಿಸಿಕೊಳ್ಳುವ ಚಿಪ್‌ನಲ್ಲಿ ಸೇವ್ ಇರುತ್ತದೆ. ಆದ್ದರಿಂದ ನಿಮ್ಮ ನಾಲ್ವರು ಗೋಪುರದ ಬುಡದಲ್ಲಿ ಈಗಲೂ ನಿಂತಿರುವ ಸಂಭವವೇ ಹೆಚ್ಚು. ಕಾರ್ಟ್ರಿಜ್ ಓದದಿದ್ದರೆ ಬಾಯಿಂದ ಊದಬೇಡಿ. ಉಗುಳಿನ ತೇವ ಆ ಹಿತ್ತಾಳೆ ಬಣ್ಣದ ಪಟ್ಟಿಗಳಿಗೆ ಒಳ್ಳೆಯದಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಯಂತ್ರದ ಮಾತು ಅಷ್ಟೇ. ನಿಮ್ಮ ಪತ್ರದಲ್ಲಿ ನಿಜವಾಗಿ ಕೊರೆಯುತ್ತಿರುವುದು ಬೇರೆ ಎಂದು ನನಗನ್ನಿಸಿತು: ಅಷ್ಟು ಪ್ರೀತಿಯಿಂದ ಆಡಿದ ಆಟ ಕೊನೆಯಲ್ಲಿ ಅಷ್ಟು ನಿರ್ದಯವಾಗಿ ನಡೆದುಕೊಂಡದ್ದೇಕೆ, ತಪ್ಪು ಯಾರದು, ಮತ್ತೆ ಹೋದರೆ ಮತ್ತೆ ಹಾಗೇ ಆಗುತ್ತದೆಯೇ. ಆಟಗಳ ಒಳಗಿನ ಲೆಕ್ಕ ಕೂಡಿಸುವುದು ನನ್ನ ವೃತ್ತಿ. ಯಾವ ಶತ್ರುವಿಗೆ ಎಷ್ಟು ಬಲ, ಗೆದ್ದರೆ ಎಷ್ಟು ಅನುಭವ, ಮದ್ದಿನ ಬೆಲೆ ಎಷ್ಟು, ಸೋತರೆ ಏನು ಕಳೆಯಬೇಕು ಎಂಬುದನ್ನು ತೂಗಿ ನೋಡುವುದೇ ದಿನದ ಕೆಲಸ. ಆ ಕಣ್ಣಿನಿಂದ ನೋಡಿದರೆ ರಿಮೇಕ್ ಎಂದರೆ ಹಳೆಯ ಚಿತ್ರಕ್ಕೆ ಹೊಸ ಬಣ್ಣ ಬಳಿದದ್ದಲ್ಲ. ಹಳೆಯ ಲೆಕ್ಕವನ್ನು ಮತ್ತೆ ಕೂಡಿಸಿದ್ದು. ಎಲ್ಲಿ ಕೂಡಿಸಿದರು, ಎಲ್ಲಿ ಕಳೆದರು ಎಂದು ಗೊತ್ತಾದರೆ ನಿಮ್ಮ ಇಬ್ಬರು ಗೆಳೆಯರ ಮಾತಿನಲ್ಲಿ ಎಷ್ಟೆಷ್ಟು ಹುರುಳಿದೆ ಎಂದು ತಿಳಿಯುತ್ತದೆ.

‘ಮೂಲವನ್ನೇ ಆಡು’ ಎಂಬವರು ಮೂಲ ಪರಿಶುದ್ಧ ಎಂದು ಭಾವಿಸಿರುತ್ತಾರೆ. 1987ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ನಿಂಟೆಂಡೊ ಯಂತ್ರಕ್ಕೆ ಬಂದ ಮೊದಲ ‘ಫೈನಲ್ ಫ್ಯಾಂಟಸಿ’ಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಮಾಂತ್ರಿಕರಿಗೆ ‘ಬುದ್ಧಿ’ ಎಂಬ ಅಂಕವಿದೆ. ಲೆವೆಲ್ ಏರಿದಂತೆ ಅದೂ ಏರುತ್ತದೆ. ಆದರೆ ಕೋಡ್‌ನ ದೋಷದಿಂದ ಆ ಅಂಕಕ್ಕೂ ಮಂತ್ರದ ಬಲಕ್ಕೂ ಸಂಬಂಧವೇ ಇರಲಿಲ್ಲ. ಶತ್ರುವಿನ ಮೇಲೆ ಇಬ್ಬರನ್ನು ಬಿಟ್ಟು, ಮೊದಲನೆಯವನ ಏಟಿಗೇ ಅದು ಸತ್ತರೆ ಎರಡನೆಯವನು ಖಾಲಿ ಜಾಗಕ್ಕೆ ಕತ್ತಿ ಬೀಸುತ್ತಿದ್ದ. ಅಂಗಡಿಯಲ್ಲಿ ಮದ್ದು ಕೊಳ್ಳಬೇಕೆಂದರೆ ಒಂದೊಂದಾಗಿ ಕೊಳ್ಳಬೇಕು, ಐವತ್ತು ಬೇಕಾದರೆ ಐವತ್ತು ಸಲ ಅದೇ ವ್ಯಾಪಾರ. ಇವನ್ನೆಲ್ಲ ಸರಿಪಡಿಸಿದ್ದನ್ನು ಕೆಡಿಸಿದ್ದು ಎನ್ನಲು ನನಗೆ ಮನಸ್ಸಿಲ್ಲ.

ಆದರೂ ಆ ಗೆಳೆಯರ ಮಾತು ಪೂರ್ತಿ ಸುಳ್ಳಲ್ಲ. 2004ರಲ್ಲಿ ಮೊದಲ ಎರಡು ಆಟಗಳನ್ನು ಜೋಡಿಸಿ ಗೇಮ್ ಬಾಯ್ ಅಡ್ವಾನ್ಸ್‌ಗೆ ‘ಡಾನ್ ಆಫ್ ಸೋಲ್ಸ್’ ಎಂದು ತಂದಾಗ ಎರಡು ದೊಡ್ಡ ಬದಲಾವಣೆ ಮಾಡಿದರು. ಮೂಲದಲ್ಲಿ ಒಂದೊಂದು ಹಂತದ ಮಂತ್ರವನ್ನು ಇಂತಿಷ್ಟೇ ಸಲ ಹೇಳಬಹುದಿತ್ತು. ಅದನ್ನು ತೆಗೆದು ಎಲ್ಲಕ್ಕೂ ಸೇರಿ ಎಂಪಿ (ಮಂತ್ರಬಲದ ಅಂಕ) ಎಂಬ ಒಂದೇ ಗಂಟು ಕೊಟ್ಟರು. ಜೊತೆಗೆ ಎಲ್ಲಿ ಬೇಕಾದರೂ ಸೇವ್ ಮಾಡಬಹುದು ಎಂದರು. ಮೂಲ ಆಟದ ಜೌಗು ಗುಹೆಯನ್ನು ಆಡಿದವರಿಗೆ ಇದರ ತೂಕ ಗೊತ್ತು. ಅಲ್ಲಿ ಕಿರೀಟ ಹುಡುಕಿಕೊಂಡು ಇಳಿಯುವಾಗ ವಿಷ ಏರುತ್ತದೆ, ಮಂತ್ರ ಎರಡೇ ಸಲ ಉಳಿದಿರುತ್ತದೆ, ಮುಂದಿನ ಕೋಣೆಗೆ ಹೋಗಬೇಕೋ ಈಗಲೇ ಹಿಂತಿರುಗಬೇಕೋ ಎಂದು ಕೈ ತಡೆಯುತ್ತದೆ. ಆ ತಡವರಿಕೆಯಲ್ಲೇ ಆಟವಿತ್ತು. ಬಾಗಿಲಿಗೊಂದು ಸೇವ್ ಮಾಡುವಂತಾದಾಗ ಗುಹೆ ಬರೀ ಓಣಿಯಾಯಿತು. ಅದೊಂದರ ಮಟ್ಟಿಗೆ ಗೆಳೆಯರ ದೂರನ್ನು ಒಪ್ಪುತ್ತೇನೆ.

ಹಾಗೆಂದು ಕೈಯಲ್ಲಿ ಹಿಡಿದು ಆಡುವ ರಿಮೇಕ್ ಎಲ್ಲವೂ ಸುಲಭ ಎಂಬುದು ತಪ್ಪು. 1991ರ ‘ಫೈನಲ್ ಫ್ಯಾಂಟಸಿ 4’ ಅಮೆರಿಕಕ್ಕೆ ಹೋದಾಗ ಅಲ್ಲಿಯವರಿಗೆಂದು ಸುಲಭ ಮಾಡಿ ಕಳಿಸಿದ್ದರು. ಅದೇ ಆಟ 2008ರಲ್ಲಿ ಡಿಎಸ್‌ಗಾಗಿ ಹೊಸದಾಗಿ ಅಲ್ಲಿಗೆ ಬಂದಾಗ ಹಳೆಯದಕ್ಕಿಂತ ಕಠಿಣವಾಗಿತ್ತು. ಕಥೆ ನೆನಪಿದ್ದ ಧೈರ್ಯದಲ್ಲಿ ಹೋದವರು ಮೊದಲ ಕೆಲವು ಬಾಸ್‌ಗಳ, ಅಂದರೆ ದೊಡ್ಡ ಶತ್ರುಗಳ, ಹತ್ತಿರವೇ ಮುಗ್ಗರಿಸಿದರು.

ನೀವು ಆಡಿದ ಮೂರನೆಯದರ ಕಥೆ ಇನ್ನೂ ವಿಶೇಷ. 1990ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಬಂದ ಈ ಆಟ ಹದಿನಾರು ವರ್ಷ ಆ ದೇಶ ಬಿಟ್ಟು ಹೊರಬರಲಿಲ್ಲ. ನಡುವೆ ಬಂಡಾಯ್ ಕಂಪನಿಯ ವಂಡರ್‌ಸ್ವಾನ್ ಕಲರ್ ಎಂಬ ಕೈಯಂತ್ರಕ್ಕೆ ಒಂದು, ಎರಡು, ನಾಲ್ಕನೆಯ ಆಟಗಳ ರಿಮೇಕ್ ಬಂದವು. ಮೂರನೆಯದನ್ನೂ ತರುತ್ತೇವೆಂದು ಹೇಳಿ ಕೈಬಿಟ್ಟರು. ಕೊನೆಗೆ 2006ರಲ್ಲಿ ಡಿಎಸ್‌ಗೆಂದು ಮೂರು ಆಯಾಮದಲ್ಲಿ ಮೊದಲಿನಿಂದ ಕಟ್ಟಿದರು. ಮೂಲದಲ್ಲಿ ಹೆಸರೂ ಇಲ್ಲದ ನಾಲ್ವರು ಅನಾಥ ಮಕ್ಕಳಿದ್ದರು; ಲುನೆತ್, ಆರ್ಕ್, ರೆಫಿಯಾ, ಇಂಗಸ್ ಎಂಬ ಹೆಸರು, ಮನೆ, ಮಾತು ಸಿಕ್ಕಿದ್ದು ಡಿಎಸ್‌ನಲ್ಲೇ.

ಹೀಗೆ ಮೂರು ಆಯಾಮದ ಗೊಂಬೆಗಳನ್ನು ನಿಲ್ಲಿಸಿದ್ದಕ್ಕೆ ಆ ಪುಟ್ಟ ಯಂತ್ರ ಬೆಲೆ ಕೇಳಿತು. ಮೂಲದಲ್ಲಿ ಶತ್ರುಗಳು ದೊಡ್ಡ ಗುಂಪಾಗಿ ಬರುತ್ತಿದ್ದರು. ಡಿಎಸ್‌ನ ಪರದೆಯ ಮೇಲೆ ಒಮ್ಮೆಗೆ ಬರುವುದು ಮೂವರೇ. ಶತ್ರುಗಳ ಸಂಖ್ಯೆ ತಗ್ಗಿದರೆ ಹೋರಾಟದ ಒತ್ತಡವೂ ತಗ್ಗುತ್ತದೆ. ಅದನ್ನು ಸರಿದೂಗಿಸಲು ಬಾಸ್‌ಗಳಿಗೆ ಒಂದು ಸರದಿಯಲ್ಲಿ ಎರಡು ಸಲ ಹೊಡೆಯುವ ಅವಕಾಶ ಕೊಟ್ಟರು. ನಿಮ್ಮ ಸೋಲಿನ ಬೇರು ಇರುವುದು ಇಲ್ಲಿಯೇ. ಕಾಗದದ ಮೇಲೆ ಬರೆದು ನೋಡಿ: ಕೊನೆಯ ಶತ್ರು ಕ್ಲೌಡ್ ಆಫ್ ಡಾರ್ಕ್‌ನೆಸ್‌ಗೆ ಒಂದು ಸರದಿಯಲ್ಲಿ ಎರಡು ಏಟು. ಅದರ ಎಡಬಲದಲ್ಲಿ ಒಂದೊಂದು ತೋಳಿನಂಥ ಅಂಗ, ಅವಕ್ಕೂ ಸರದಿ ಉಂಟು. ನಿಮ್ಮ ಕಡೆ ಗಾಯ ಮಾಗಿಸುವವಳು ರೆಫಿಯಾ ಒಬ್ಬಳು, ಅವಳಿಗೆ ಸಿಗುವುದು ಒಂದೇ ಸರದಿ. ಎರಡು ಏಟಿನ ನಡುವೆ ಅವಳ ಸರದಿ ಬರುವುದೇ ಇಲ್ಲ ಎಂದಾದರೆ ಅವಳು ಎಷ್ಟು ಮಾಗಿಸಬಲ್ಲಳು ಎಂಬ ಪ್ರಶ್ನೆಯೇ ಏಳುವುದಿಲ್ಲ. ಎರಡೂ ಏಟು ತಿಂದ ಮೇಲೂ ಎಲ್ಲರೂ ಉಸಿರಾಡುತ್ತಿರಬೇಕು. 45ನೇ ಲೆವೆಲ್‌ನಲ್ಲಿ ಆ ಅಂತರ ತೀರಾ ಕಿರಿದು. ನೀವು ಸೋತದ್ದು ದಡ್ಡತನದಿಂದಲ್ಲ. ಒಬ್ಬ ವೈದ್ಯೆ ಸಾಲುವ ಲೆಕ್ಕ ಆಟದುದ್ದಕ್ಕೂ ನಡೆದು, ಕೊನೆಯಲ್ಲಿ ಇದ್ದಕ್ಕಿದ್ದಂತೆ ಇಬ್ಬರು ಬೇಕಾಯಿತು.

ಈಗ ಎರಡನೆಯ ಗೆಳೆಯರ ಮಾತು, ಲೆವೆಲ್ ಏರಿಸುವ ಕೂಲಿ. ಇದನ್ನು ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ, ಕೇಳಿದಾಗಲೆಲ್ಲ ಸರೋನಿಯಾ ಎಂಬ ಊರು ನೆನಪಾಗುತ್ತದೆ. ನಿಮಗೂ ನೆನಪಿರಬಹುದು. ಅಲ್ಲಿ ಗರುಡಾ ಎಂಬ ಬಾಸ್ ಸಿಡಿಲು ಕರೆದು ಎಲ್ಲರನ್ನೂ ಒಮ್ಮೆಗೇ ಹೊಡೆಯುತ್ತದೆ. ಆಟಗಾರ ಸೋಲುತ್ತಾನೆ. ಹೊರಗೆ ಹೋಗಿ ಮೂರು ಗಂಟೆ ಕಾಡುಪ್ರಾಣಿ ಹೊಡೆದು ಐದು ಲೆವೆಲ್ ಏರಿ ಬರುತ್ತಾನೆ, ಮತ್ತೆ ಸೋಲುತ್ತಾನೆ. ಆದರೆ ಅದೇ ಊರಿನಲ್ಲಿ ಜನ ಡ್ರಗೂನ್ ಎಂಬ ಈಟಿ ಯೋಧರ ಬಗ್ಗೆ ಮಾತನಾಡುತ್ತಿರುತ್ತಾರೆ. ಅವರ ಈಟಿ, ಕವಚ ಅಲ್ಲಿಯೇ ಸಿಗುತ್ತವೆ. ಈ ಆಟದಲ್ಲಿ ಪಾತ್ರಗಳ ‘ಜಾಬ್’, ಅಂದರೆ ಕಸುಬನ್ನು, ಬದಲಿಸಬಹುದು. ಡ್ರಗೂನ್ ಆಗಿ ‘ಜಿಗಿತ’ ಆಯ್ದರೆ ಯೋಧ ಪರದೆಯಿಂದ ಮೇಲಕ್ಕೆ ಹಾರಿ ಮಾಯವಾಗುತ್ತಾನೆ. ಸಿಡಿಲು ಬೀಳುವ ಹೊತ್ತಿಗೆ ಅವನು ನೆಲದ ಮೇಲೇ ಇರುವುದಿಲ್ಲ. ಇಳಿದು ಬಂದ ಏಟು ಮಾಮೂಲಿಗಿಂತ ಜೋರು. ಮುಂದೆ ಫಾಲ್ಗಬಾರ್ಡ್ ಎಂಬ ಊರಿನ ಹತ್ತಿರದ ಗುಹೆಯಲ್ಲಿ ಹೊಡೆದರೆ ಎರಡಾಗಿ ಒಡೆಯುವ ಶತ್ರುಗಳಿಗೂ ಹೀಗೆಯೇ ಒಂದು ಉತ್ತರವಿದೆ: ಡಾರ್ಕ್ ನೈಟ್ ಎಂಬ ಜಾಬ್‌ನ ಕತ್ತಿ. ಆಟ ಕೇಳುತ್ತಿದ್ದದ್ದು ಹೊಸ ವೇಷ. ಜನ ಕೊಟ್ಟದ್ದು ಹೆಚ್ಚಿನ ಕೂಲಿ.

ಇಲ್ಲಿ ಡಿಎಸ್ ರೂಪದ ಮೇಲೆ ನನಗೆ ನಿಜವಾದ ತಕರಾರಿದೆ. ವೇಷ ಬದಲಿಸಿ ಆಡು ಎನ್ನುವ ಆಟ, ಜಾಬ್ ಬದಲಿಸಿದ ಮೇಲೆ ಕೆಲವು ಕಾಳಗಗಳವರೆಗೆ ಆ ಪಾತ್ರದ ಬಲವನ್ನು ತಗ್ಗಿಸಿ ಇಡುತ್ತದೆ. ಮೇಲಾಗಿ ಹೊಸ ಜಾಬ್‌ನ ಕೌಶಲ ತಳದಿಂದ ಶುರು. ಬಾ ಎಂದು ಕರೆದು ಬಾಗಿಲಲ್ಲಿ ಸುಂಕ ಕೇಳಿದಂತೆ. ಆಟ ಪರೀಕ್ಷಿಸುವಾಗ ಕಂಡಿದ್ದೇನೆ: ಬದಲಾವಣೆಗೆ ಸ್ವಲ್ಪವೇ ದಂಡ ಹಾಕಿದರೂ ಬಹುಪಾಲು ಜನ ಬದಲಾಯಿಸುವುದನ್ನೇ ಬಿಡುತ್ತಾರೆ. ಇದ್ದ ತಂಡವನ್ನೇ ಹಿಡಿದು, ಲೆವೆಲ್ ಏರಿಸಿ ಮುಂದೆ ಹೋಗುತ್ತಾರೆ. ನೀವು ‘ಬಹುತೇಕ ಒಂದೇ ತಂಡ’ ಎಂದು ಬರೆದದ್ದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಬೇಸರ ಬರುತ್ತದೆಯೇ ಎಂಬುದಕ್ಕೆ ನೇರವಾಗಿ ಹೇಳುತ್ತೇನೆ: ಕೆಲವು ಕಡೆ ಬರುತ್ತದೆ. ಡಿಎಸ್‌ನಲ್ಲಿ ಪ್ರತಿ ಕಾಳಗವೂ ನಿಧಾನ, ನಾಲ್ಕು ಹೆಜ್ಜೆಗೊಮ್ಮೆ ಶತ್ರು ಎದುರಾದಂತೆ ಅನ್ನಿಸುವ ಗುಹೆಗಳಿವೆ. ಆದರೆ ನಿಮ್ಮ ಖುಷಿ ವಯಸ್ಸಿನ ಮಹಿಮೆಯಾಗಿರಲಿಲ್ಲ. ಸರದಿ ಪ್ರಕಾರ ಆಡುವ ಆಟ ಚುರುಕು ಬೆರಳನ್ನು ಕೇಳುವುದಿಲ್ಲ. ಕೈಯಲ್ಲಿರುವುದನ್ನು ಹೇಗೆ ಖರ್ಚು ಮಾಡಬೇಕು ಎಂದು ಕೇಳುತ್ತದೆ, ಉತ್ತರ ಬರುವವರೆಗೆ ಕಾಯುತ್ತದೆ. ಒಲೆಯ ಮೇಲೆ ಹಾಲಿಟ್ಟು ಆಡಬಹುದಾದ ಆಟ ಅದು. ನಲವತ್ತು ದಾಟಿದವರಿಗೆ ಅದು ಇಪ್ಪತ್ತರಲ್ಲಿ ಒಗ್ಗಿದ್ದಕ್ಕಿಂತ ಚೆನ್ನಾಗಿ ಒಗ್ಗುವುದನ್ನು ನೋಡಿದ್ದೇನೆ.

ನಿಮಗೆ ಆಗಿನಿಂದ ಈಗ ಬದಲಾದದ್ದು ಒಂದೇ, ಸಮಯ. ಆದ್ದರಿಂದ ಯಾವ ರೂಪವನ್ನು ಆರಿಸುವಾಗಲೂ ಚಿತ್ರ, ಸಂಗೀತ ನೋಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಎಲ್ಲಿ ನಿಲ್ಲಿಸಬಹುದು? ಸೋತರೆ ಏನು ಹೋಗುತ್ತದೆ?

ಈ ಎರಡನೆಯ ಪ್ರಶ್ನೆಗೆ ಜಪಾನಿನ ಎರಡು ದೊಡ್ಡ ಮನೆತನಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ‘ಫೈನಲ್ ಫ್ಯಾಂಟಸಿ’ಯಲ್ಲಿ ನಾಲ್ವರೂ ಬಿದ್ದರೆ ಆಟ ಮುಗಿಯಿತು; ಕೊನೆಯ ಸೇವ್‌ನಿಂದ ಈಚೆಗಿನ ಎಲ್ಲವೂ ಹೋಯಿತು. 1986ರಲ್ಲಿ ಯೂಜಿ ಹೊರಿಯಿ ರೂಪಿಸಿದ ‘ಡ್ರ್ಯಾಗನ್ ಕ್ವೆಸ್ಟ್’ನಲ್ಲಿ ಬಿದ್ದವರು ಎಚ್ಚರಗೊಳ್ಳುವುದು ರಾಜನ ಮುಂದೆಯೋ ಚರ್ಚಿನಲ್ಲೋ. ಕೈಯಲ್ಲಿದ್ದ ಚಿನ್ನದಲ್ಲಿ ಅರ್ಧ ಹೋಗಿರುತ್ತದೆ. ಆದರೆ ಗಳಿಸಿದ ಅನುಭವ, ಸಿಕ್ಕಿದ ವಸ್ತು, ಏರಿದ ಲೆವೆಲ್ ಎಲ್ಲವೂ ಉಳಿದಿರುತ್ತದೆ. ಮೂರನೆಯ ಆಟದಿಂದ ಬ್ಯಾಂಕ್ ಕೂಡ ಬಂತು: ಸಾವಿರ ಸಾವಿರದ ಗಂಟಾಗಿ ಚಿನ್ನವನ್ನು ಅಲ್ಲಿಟ್ಟು ಗುಹೆಗೆ ಹೋದರೆ ಸೋತರೂ ಅದಕ್ಕೆ ಕುತ್ತಿಲ್ಲ. ಎರಡು ಗಂಟೆ ಆಡಿ ಸೋತವನು ಅಲ್ಲಿ ಎರಡು ಗಂಟೆಯನ್ನು ಕಳೆದುಕೊಳ್ಳುವುದಿಲ್ಲ. ಈ ದಯೆ ತಾನಾಗಿ ಹುಟ್ಟಿದ್ದಲ್ಲ. ಆ ಸರಣಿಯ ಮೊದಲ ಎರಡು ಆಟಗಳಿಗೆ ಜಪಾನಿನಲ್ಲಿ ಸೇವ್ ಮಾಡುವ ಚಿಪ್ ಇರಲೇ ಇಲ್ಲ. ಆಟ ನಿಲ್ಲಿಸುವಾಗ ಪರದೆ ಒಂದು ‘ಪುನರುಜ್ಜೀವನ ಮಂತ್ರ’ ತೋರಿಸುತ್ತಿತ್ತು. ಎರಡನೆಯ ಆಟದಲ್ಲಿ ಅದು 52 ಅಕ್ಷರದವರೆಗೆ ಹೋಗುತ್ತಿತ್ತು. ಮಕ್ಕಳು ಅದನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಒಂದಕ್ಷರ ತಪ್ಪಿದರೆ ಮರುದಿನ ಬಾಗಿಲು ತೆರೆಯುವುದಿಲ್ಲ.

ಹೀಗಾಗಿ ನಿಮಗೊಂದು, ಮಗಳಿಗೊಂದು ದಾರಿ ಹೇಳುತ್ತೇನೆ.

ನೀವು ಬಿಟ್ಟಲ್ಲಿಂದಲೇ ಮುಗಿಸಬೇಕೆಂದಿದ್ದರೆ ಡಿಎಸ್ ರಿಪೇರಿ ಮಾಡಿಸಿ ಹಳೆಯ ಸೇವ್ ತೆರೆಯಿರಿ. ಈ ಕಾರ್ಟ್ರಿಜ್‌ನಲ್ಲಿ ಕ್ವಿಕ್‌ಸೇವ್ ಎಂಬ ಸೌಲಭ್ಯವಿದೆ. ಅದು ಗೋಪುರದ ನಡುವೆಯೂ ಆಟವನ್ನು ನಿಲ್ಲಿಸಿ ಮಲಗಲು ಬಿಡುತ್ತದೆ, ಆದರೆ ಮರಳಿ ತೆರೆದೊಡನೆ ಅಳಿಸಿಹೋಗುತ್ತದೆ. ಮುಕ್ಕಾಲು ಗಂಟೆಯ ಕಂತುಗಳಲ್ಲಿ ಹತ್ತಲು ಅದು ಸಾಕು, ಸೋಲಿನಿಂದ ಮಾತ್ರ ಕಾಪಾಡುವುದಿಲ್ಲ. ಹೊರಡುವ ಮೊದಲು ಇನ್ನೊಬ್ಬರನ್ನು ಮಾಗಿಸುವ ಕೆಲಸಕ್ಕೆ ಹಾಕಿ, ಆ ಜಾಬ್ ಕೈಗೆ ಒಗ್ಗುವವರೆಗೆ ಹೊರಗಡೆ ಕಾದಾಡಿ, ಕೆಲವು ಲೆವೆಲ್ ಏರಿ. ಒಂದು ಬಾಗಿಲು ಮಾತ್ರ ಮುಚ್ಚಿದೆ ಎಂದು ತಿಳಿದಿರಲಿ: ಆನಿಯನ್ ನೈಟ್ ಎಂಬ ಜಾಬ್ ಪಡೆಯಲು ಬೇರೆ ಆಟಗಾರರಿಗೆ ಆಟದೊಳಗಿಂದ ಪತ್ರ ಕಳಿಸಬೇಕಿತ್ತು. ಅದಕ್ಕೆ ಆಧಾರವಾಗಿದ್ದ ನಿಂಟೆಂಡೊ ವೈಫೈ ಸೇವೆ 2014ರ ಮೇ 20ರಂದು ನಿಂತುಹೋಯಿತು. ಆಟ ಮುಗಿಸಲು ಅದು ಬೇಕಿಲ್ಲ. ಹತ್ತಿರದಲ್ಲಿ ಇದೇ ಆಟವಿರುವ ಇನ್ನೊಂದು ಡಿಎಸ್ ಸಿಕ್ಕರೆ ಮಾತ್ರ ಆ ದಾರಿ ಉಂಟು.

ಮೊದಲಿನಿಂದ ಆಡುವ ಮನಸ್ಸಿದ್ದರೆ ಡಿಎಸ್ ಬೇಡ, ‘ಪಿಕ್ಸೆಲ್ ರಿಮಾಸ್ಟರ್’ ಎಂಬ ಹೊಸ ರೂಪ ತೆಗೆದುಕೊಳ್ಳಿ. ಮೊಬೈಲ್, ಕಂಪ್ಯೂಟರ್‌ಗಳಿಗೆ 2021ರಲ್ಲಿ, ನಿಂಟೆಂಡೊ ಸ್ವಿಚ್‌ಗೆ 2023ರ ಏಪ್ರಿಲ್‌ನಲ್ಲಿ ಬಂತು. ಇದು ಎರಡು ಆಯಾಮದ ಮೂಲವನ್ನು ಹಿಂಬಾಲಿಸುತ್ತದೆ. ಎಲ್ಲಿ ಬೇಕಾದರೂ ಸೇವ್, ಜಾಬ್ ಬದಲಿಸಿದರೆ ದಂಡವಿಲ್ಲ, ಆನಿಯನ್ ನೈಟ್ ಶುರುವಿನಿಂದಲೇ. ಸರೋನಿಯಾದಲ್ಲಿ ಆಟ ಏನು ಕೇಳುತ್ತಿದೆ ಎಂದು ಕೇಳಿಸಿಕೊಂಡು ಆಡಲು ಇದೇ ಒಳ್ಳೆಯ ರೂಪ ಎಂಬುದು ನನ್ನ ಅಭಿಪ್ರಾಯ. ಕಳೆದುಕೊಳ್ಳುವುದು ಲುನೆತ್, ರೆಫಿಯಾ ಎಂಬ ಹೆಸರು, ಅವರ ಮಾತು. ನೀವು ಎರಡು ತಿಂಗಳು ರೆಫಿಯಾಳ ಜೊತೆ ನಡೆದವರು, ಇಲ್ಲಿ ಅವಳಿಲ್ಲ. ಅದನ್ನು ಸಣ್ಣದೆಂದು ನಾನು ಹೇಳಲಾರೆ. ಸ್ವಿಚ್ ರೂಪದಲ್ಲಿ ಇನ್ನೊಂದು ಅಪಾಯವಿದೆ. ಅನುಭವವನ್ನು ನಾಲ್ಕು ಪಟ್ಟು ಮಾಡುವ ಗುಂಡಿ ಕೊಟ್ಟಿದ್ದಾರೆ. ಅದನ್ನು ಒತ್ತಿದರೆ ಗರುಡಾ ಬರೀ ಏಟಿಗೇ ಬೀಳುತ್ತದೆ, ಡ್ರಗೂನ್‌ನ ಅಗತ್ಯವೇ ಬರುವುದಿಲ್ಲ. ಶತ್ರು ಬರದಂತೆ ನಿಲ್ಲಿಸುವ ಗುಂಡಿಯನ್ನು ಮಾತ್ರ ಬಳಸಿ, ಅದನ್ನೂ ಗೆದ್ದ ಗುಹೆಯಿಂದ ಹೊರಗೆ ನಡೆದು ಬರುವಾಗ.

ಮಗಳಿಗೆ ನಾನು ‘ಫೈನಲ್ ಫ್ಯಾಂಟಸಿ 3’ ಹೇಳುವುದಿಲ್ಲ. ಅವಳಿಗೆ ‘ಡ್ರ್ಯಾಗನ್ ಕ್ವೆಸ್ಟ್ 5’. 1992ರ ಈ ಆಟ ಇಂಗ್ಲಿಷಿನಲ್ಲಿ ಮೊದಲು ಸಿಕ್ಕಿದ್ದೇ ಡಿಎಸ್ ರಿಮೇಕ್‌ನಲ್ಲಿ, 2009ರಲ್ಲಿ. ನಾಯಕ ಆರು ವರ್ಷದ ಹುಡುಗ, ಪ್ಯಾಂಕ್ರಾಜ್ ಎಂಬ ಅಪ್ಪನ ಹಿಂದೆ ಹಿಂದೆ ಊರೂರು ನಡೆಯುತ್ತಾನೆ. ದಾರಿಯಲ್ಲಿ ಸ್ಲೈಮ್ ಎಂಬ ಪುಟ್ಟ ಶತ್ರುಗಳು ಅಡ್ಡ ಬರುತ್ತವೆ. ಹುಡುಗ ಕೋಲು ಬೀಸಿದರೆ ಸಣ್ಣ ಏಟು, ಅಪ್ಪ ಕತ್ತಿ ಬೀಸಿದರೆ ಒಂದೇ ಏಟಿಗೆ ಮುಗಿಯಿತು. ಅಪ್ಪನಿಗೆ ನೀವು ಅಪ್ಪಣೆ ಕೊಡುವಂತಿಲ್ಲ, ಅವನು ತನ್ನಷ್ಟಕ್ಕೆ ಕಾದಾಡುತ್ತಾನೆ. ಕಾಳಗ ಮುಗಿದೊಡನೆ, ಯಾರೂ ಕೇಳದಿದ್ದರೂ, ಮಗನ ಗಾಯ ನೋಡಿ ಮಂತ್ರ ಹೇಳಿ ಮಾಗಿಸುತ್ತಾನೆ. ಎರಡು ಅಂಕ ಕಡಿಮೆಯಾಗಿದ್ದರೂ ಮಾಗಿಸುತ್ತಾನೆ. ಅಪ್ಪ ಒಳ್ಳೆಯವನು ಎಂದು ಒಂದು ಮಾತೂ ಆಡದೆ, ಬರೀ ಅಂಕಗಳಲ್ಲಿ ಅದನ್ನು ಹೇಳಿದ ಲೆಕ್ಕವನ್ನು ನಾನು ನನ್ನ ಕೆಲಸದಲ್ಲಿ ಎಷ್ಟು ಸಲ ನೆನೆದಿದ್ದೇನೋ. ಮುಂದೆ ಆ ಹುಡುಗ ಬೆಳೆಯುತ್ತಾನೆ, ಮದುವೆಯಾಗುತ್ತಾನೆ, ತಾನೂ ತಂದೆಯಾಗುತ್ತಾನೆ. ಅದಕ್ಕಿಂತ ಹೆಚ್ಚು ಹೇಳಿ ಅವಳ ಆಟ ಕೆಡಿಸುವುದಿಲ್ಲ. ಸೋಲಿಸಿದ ಪ್ರಾಣಿಗಳಲ್ಲಿ ಕೆಲವು ಗೆಳೆಯರಾಗಿ ತಂಡ ಸೇರುತ್ತವೆ, ಅದು ಹನ್ನೊಂದರ ವಯಸ್ಸಿಗೆ ಬಲು ಇಷ್ಟವಾಗುವ ಸಂಗತಿ. ಸೋತರೂ ಅವಳ ದುಡಿಮೆ ಉಳಿಯುತ್ತದೆ.

ಇದಕ್ಕೂ ಮೊದಲಿನ ನಾಲ್ಕನೆಯದನ್ನು ಅವಳು ಕೇಳಿದರೆ ಪಕ್ಕದಲ್ಲಿ ಕುಳಿತುಕೊಳ್ಳಿ. ಡಿಎಸ್‌ನ ಇಂಗ್ಲಿಷಿನಲ್ಲಿ ಮೊದಲ ಅಧ್ಯಾಯದ ಜನ ಸ್ಕಾಟ್ಲೆಂಡಿನ ಆಡುನುಡಿಯಲ್ಲಿ, ಎರಡನೆಯದರ ಜನ ರಷ್ಯನ್ ಧಾಟಿಯಲ್ಲಿ ಮಾತನಾಡುತ್ತಾರೆ. ಶಾಲೆಯ ಇಂಗ್ಲಿಷ್ ಕಲಿಯುತ್ತಿರುವ ಮಗುವಿಗೆ ಅದು ಒಗಟಿನಂತಿರುತ್ತದೆ. ಜೊತೆಗೆ, ತಂಡದವರು ದಾರಿಯುದ್ದಕ್ಕೂ ತಮ್ಮತಮ್ಮಲ್ಲಿ ಆಡುವ ಮಾತುಕತೆಯನ್ನು ಆ ಇಂಗ್ಲಿಷ್ ರೂಪದಿಂದ ತೆಗೆದುಹಾಕಿದ್ದರು. 2014ರ ಮೊಬೈಲ್ ರೂಪದಲ್ಲಿ ಅದು ಮರಳಿತು. ಆದ್ದರಿಂದ ನಾಲ್ಕನೆಯದಾದರೆ ಮೊಬೈಲ್‌ನಲ್ಲೇ ಆಡಿ. ಐದನೆಯದೂ ಮೊಬೈಲ್‌ನಲ್ಲಿದೆ, ಫೋನನ್ನು ಉದ್ದಕ್ಕೆ ಹಿಡಿದು ಒಂದೇ ಕೈಯಲ್ಲಿ ಆಡಬಹುದು. ಮನೆಗೆ ಮುಂದೆ ಸ್ವಿಚ್ ಬಂದರೆ 2024ರ ನವೆಂಬರ್‌ನಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್ 3’ರ ಹೊಸ ರೂಪವೂ ಇದೆ. ಅದರ ಅತಿ ಸುಲಭದ ಹಂತದಲ್ಲಿ ಯಾರೂ ಸಾಯುವುದೇ ಇಲ್ಲ; ಅವಳಿಗೆ ಆ ಹಂತ ಹಾಕಿಕೊಡಬೇಡಿ, ನಡುವಿನದೇ ಸರಿ.

ಡಿಎಸ್ ಕಾರ್ಟ್ರಿಜ್ ಕೊಳ್ಳುವುದಾದರೆ ಎಚ್ಚರ. ಈ ಆಟಗಳ ನಕಲಿಗಳು ಅಂತರ್ಜಾಲದ ಅಂಗಡಿಗಳಲ್ಲಿ ಹೇರಳವಾಗಿವೆ. ನಕಲಿಯ ದೊಡ್ಡ ದೋಷವೆಂದರೆ ಸೇವ್ ಕೈಕೊಡುವುದು, ಮೂವತ್ತು ಗಂಟೆ ಆಡಿದ ಮೇಲೆ ಅದು ಗೊತ್ತಾಗುತ್ತದೆ. ಮಾರುವವರು ಕಾರ್ಟ್ರಿಜ್‌ನ ಎರಡೂ ಬದಿಯ ಸ್ಪಷ್ಟ ಚಿತ್ರ ಕೊಡದಿದ್ದರೆ ಕೊಳ್ಳಬೇಡಿ. ಮುಂಬದಿಯ ಚೀಟಿಯ ಮುದ್ರಣ ಮಸುಕಾಗಿದ್ದರೆ, ಬೆಲೆ ನಂಬಲಾಗದಷ್ಟು ಕಡಿಮೆಯಿದ್ದರೆ ಅದು ನಕಲಿಯೆಂದೇ ತಿಳಿಯಿರಿ. ಡಿಎಸ್ ಆಟಗಳಿಗೆ ದೇಶದ ಬೇಲಿಯಿಲ್ಲ, ಅಮೆರಿಕದ್ದಾದರೂ ಯುರೋಪಿನದ್ದಾದರೂ ನಿಮ್ಮ ಯಂತ್ರದಲ್ಲಿ ನಡೆಯುತ್ತದೆ. ಜಪಾನಿನದನ್ನು ತಪ್ಪಿ ಕೊಂಡರೆ ಭಾಷೆ ಜಪಾನಿಯೇ. ಅನುಮತಿಯಿಲ್ಲದೆ ಇಳಿಸಿಕೊಂಡ ಪ್ರತಿಗಳನ್ನು ತುಂಬುವ ಕಾರ್ಡ್‌ಗಳನ್ನು ರಿಪೇರಿ ಅಂಗಡಿಯವರು ಅಗ್ಗಕ್ಕೆ ಕೊಡುತ್ತೇವೆ ಎನ್ನಬಹುದು. ಅದು ಹಕ್ಕುಸ್ವಾಮ್ಯದ ಉಲ್ಲಂಘನೆ. ‘ಫೈನಲ್ ಫ್ಯಾಂಟಸಿ 3’, ‘ಡ್ರ್ಯಾಗನ್ ಕ್ವೆಸ್ಟ್ 5’ ಎರಡೂ ಇಂದಿಗೂ ಮೊಬೈಲ್‌ನಲ್ಲಿ ಮಾರಾಟದಲ್ಲಿರುವಾಗ ಅದರ ಅಗತ್ಯವೂ ಇಲ್ಲ.

ಡಿಎಸ್ ಲೈಟ್ ಏಳದೇ ಹೋದರೆ ಡಿಎಸ್‌ನ ನಂತರ ಬಂದ 3ಡಿಎಸ್ ಯಂತ್ರದ ಹಳೆಯದೊಂದನ್ನು ಹುಡುಕಿ, ನಿಮ್ಮ ಕಾರ್ಟ್ರಿಜ್ ಅದರಲ್ಲೂ ನಡೆಯುತ್ತದೆ. ಚಿತ್ರ ಮಸುಕಾಗಿ ಕಂಡರೆ ಗಾಬರಿಯಾಗಬೇಡಿ. ಆಟ ತೆರೆಯುವಾಗ ಸ್ಟಾರ್ಟ್ ಗುಂಡಿಯನ್ನು ಒತ್ತಿ ಹಿಡಿದರೆ ಡಿಎಸ್‌ನ ಮೂಲ ಅಳತೆಯಲ್ಲಿ, ಚಿಕ್ಕದಾಗಿ ಆದರೆ ಚೊಕ್ಕವಾಗಿ ಕಾಣುತ್ತದೆ.

ಬ್ಯಾಟರಿ ಬಂದ ದಿನ ಮಗಳಿಗೆ ಕೊಡುವ ಮೊದಲು ನಿಮ್ಮ ಸೇವ್ ಯಾವ ಸ್ಥಾನದಲ್ಲಿದೆ ಎಂದು ಅವಳಿಗೆ ತೋರಿಸಿ, ಅವಳ ಆಟವನ್ನು ಬೇರೆ ಸ್ಥಾನದಲ್ಲಿ ಶುರು ಮಾಡಿಸಿ. ಆಮೇಲೆ ನಿಮ್ಮ ಚೀಲ ತೆರೆದು ನೋಡಿ. ಬಲವನ್ನೆಲ್ಲ ಮರಳಿಸುವ ಮದ್ದು, ಎಲಿಕ್ಸರ್‌ಗಳು ಎಷ್ಟಿವೆ? ಬಿದ್ದವರನ್ನು ಎಬ್ಬಿಸುವ ಫೀನಿಕ್ಸ್ ಡೌನ್ ಎಷ್ಟಿವೆ? ಈ ಆಟದಲ್ಲಿ ಫೀನಿಕ್ಸ್ ಡೌನ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲವಾದ್ದರಿಂದ ಜನ ಅದನ್ನು ಕಷ್ಟಕಾಲಕ್ಕೆಂದು ಕೂಡಿಟ್ಟು, ಕಷ್ಟಕಾಲದಲ್ಲಿ ಮರೆತು, ತುಂಬಿದ ಚೀಲದೊಡನೆ ಸಾಯುತ್ತಾರೆ. ಆ ಎರಡು ಸಂಖ್ಯೆಯನ್ನೂ ನಾಲ್ವರ ಜಾಬ್‌ಗಳನ್ನೂ ಬರೆದು ಕಳಿಸಿ. ಯಾರನ್ನು ಎರಡನೆಯ ವೈದ್ಯರನ್ನಾಗಿ ಮಾಡುವುದು, ಎಷ್ಟು ಲೆವೆಲ್ ಏರಿ ಗೋಪುರದ ಬಾಗಿಲು ತಟ್ಟುವುದು ಎಂದು ಕೂಡಿಸಿ ಹೇಳುತ್ತೇನೆ.